ಅವರ ಪುಡಿ

ಪಕ್ಕದ ಮನೆಯ ಪಿಳ್ಳಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಜಗಲಿ ಹತ್ತಿದಳು. ಸೆರಗಿನ ತುದಿಯಲ್ಲಿ ರಕ್ತ ಮೆತ್ತಿತ್ತು. ಕೈಯಲ್ಲಿದ್ದ ಕೆಂಪು ಪೊಟ್ಟಣವನ್ನು ಶಿವಕುಮಾರಿಯ ಮುಂದೆ, ತಕ್ಕಡಿಯ ಪಕ್ಕಕ್ಕೆ ಕುಕ್ಕಿದಳು.

"ಏನು ಶಿವಕುಮಾರಮ್ಮ, ಪೇಟೆ ಅಂಗಡೀಲಿ ತಗೊಂಡೆ, ಈ ಸಲ ಅವ್ರ ಪುಡೀಲಿ ಇಟ್ಟಿಗೆ ಅರೆದು ಹಾಕಿದೀರಾ? ವಸಡೆಲ್ಲ ಕಿತ್ಕೊಂಡು ಬಂತಲ್ಲ ನಂದು."

ಒಳಗೆ ಕಲ್ಲೊರಳಿನ ಮುಂದೆ ಲವಂಗ ಕುಟ್ಟುತ್ತಿದ್ದ ಮುರುಗೇಶ ಕೈ ನಿಲ್ಲಿಸಿ ಎದ್ದು ಬಂದ. ಪೊಟ್ಟಣ ಬಿಚ್ಚಿ ಮೂಸಿದ. ಲವಂಗದ ಸುಳಿವೇ ಇಲ್ಲ. ಬೆರಳ ನಡುವೆ ತಿಕ್ಕಿದರೆ ಮರಳಿನ ಹಾಗೆ ಕಿರ್ ಎಂದಿತು. ಕಾಗದ ಮಾತ್ರ ಅದೇ ಕೆಂಪು, ಸುತ್ತಿದ ದಾರ ಅದೇ ಹಳದಿ, ಮಡಿಕೆ ಕೂಡ ತಮ್ಮ ಮನೆಯದೇ. ಹಿಂದೆ ಮುಂದೆ ತಿರುಗಿಸಿ ನೋಡಿದ. ತಮ್ಮ ಪೊಟ್ಟಣದ ಮೇಲೆ ಉದ್ದದ ಸಂಸ್ಕೃತದ ಹೆಸರು ಇರುವ ಜಾಗದಲ್ಲಿ ಇದರ ಮೇಲೆ ದಪ್ಪ ಅಕ್ಷರದಲ್ಲಿ ಎರಡೇ ಮಾತು: ಅವರ ಪುಡಿ. ಕೆಳಗೆ ಇರುವೆ ಸಾಲಿನಷ್ಟು ಸಣ್ಣಗೆ, ದೊಡ್ಡಬೈರಪ್ಪ, ಕಾಟನ್‌ಪೇಟೆ.

ಮುರುಗೇಶ ಆ ಎರಡು ಮಾತನ್ನು ಮತ್ತೊಮ್ಮೆ ಓದಿದ. ಕೋಪ ಬಂದದ್ದು ಆಮೇಲೆ.

ಆ ಹೆಸರಿನ ಕತೆ ಹೀಗೆ. ಚಾಮರಾಜಪೇಟೆಯ ಆ ಮನೆಯಲ್ಲಿ ಹಲ್ಲುಪುಡಿ ಮಾಡಲು ಶುರು ಹಚ್ಚಿದವರು ಮುರುಗೇಶನ ಅಪ್ಪ ವೃಷಭೇಂದ್ರಪ್ಪ. ಜಾಜುಮಣ್ಣು, ಲವಂಗ, ಕಾಳುಮೆಣಸು, ಪಟಿಕ, ಹುರಿದ ಉಪ್ಪು, ಇಷ್ಟನ್ನು ಕುಟ್ಟಿ, ಮಲ್ಲುಬಟ್ಟೆಯಲ್ಲಿ ಸೋಸಿ, ಮತ್ತೆ ಕುಟ್ಟಿ, ಮತ್ತೆ ಸೋಸುತ್ತಿದ್ದರು. ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿಗೆ ಹೋಗಿ, ಕೆಂಪು ಕಾಗದದ ಮೇಲೆ 'ಶ್ರೀ ವೃಷಭೇಂದ್ರ ದಂತಚೂರ್ಣ' ಎಂದು ಬಳ್ಳಿ ಹೂವಿನ ನಡುವೆ ಅಚ್ಚು ಹಾಕಿಸಿಕೊಂಡು ಬಂದರು. ಆದರೆ ಅವರು ಇರುತ್ತಿದ್ದದ್ದು ಒಳಗೆ, ಒರಳಿನ ಹತ್ತಿರ. ಜಗಲಿಯ ಮೇಲೆ ಕೂತು ಮಾರುತ್ತಿದ್ದವಳು ಹೆಂಡತಿ ಶಿವಕುಮಾರಿ. ಬಂದವರು ಇದೇನು ಪುಡಿ, ಹೆಸರೇನು ಎಂದು ಕೇಳುತ್ತಿದ್ದರು. ಆ ಕಾಲದ ಹೆಂಗಸು ಗಂಡನ ಹೆಸರು ಹೇಳುವುದುಂಟೇ? ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. "ಇದು ಅವರ ಪುಡಿ," ಎಂದು ಒಳಗೆ ಕಣ್ಣು ಹಾಯಿಸಿ ಹೇಳುತ್ತಿದ್ದಳು. ಕೊಂಡವರು ಆ ಮಾತನ್ನೂ ಕೊಂಡುಕೊಂಡು ಹೋದರು. ಮಲ್ಲೇಶ್ವರದ ಅಂಗಡಿಗಳಲ್ಲಿ, ಬಸವನಗುಡಿಯ ಅಗ್ರಹಾರದಲ್ಲಿ, ಎಲ್ಲೆಲ್ಲೂ ಅವ್ರ ಪುಡಿ, ಅವ್ರ ಪುಡಿ ಎಂದೇ ಆಯಿತು. ಗಂಡಸರೂ ಅದನ್ನೇ ಹೇಳಿ ಕೇಳಿದರು. ಕಾಗದದ ಮೇಲಿನ ದಂತಚೂರ್ಣವನ್ನು ಓದಿದವರು ಯಾರೂ ಇರಲಿಲ್ಲ.

ಓದಿದವನು ಒಬ್ಬನೇ, ಮುರುಗೇಶ. ಅಪ್ಪನಿಗೆ ಲಕ್ವ ಹೊಡೆದು ಮಾತೂ ಬಲಗೈಯೂ ಒಟ್ಟಿಗೆ ಬಿದ್ದುಹೋದಾಗ ಅಂಗಡಿ ಅವನ ಪಾಲಿಗೆ ಬಂತು. ಓದು ಅರ್ಧಕ್ಕೆ ಬಿಟ್ಟ ಹುಡುಗ ಎಂದು ಪೇಟೆಯವರು ಆಡಿಕೊಳ್ಳುವುದು ಅವನ ಕಿವಿಗೆ ಬೀಳುತ್ತಿತ್ತು. ಅವರ ಬಾಯಿ ಮುಚ್ಚಿಸಲು ಒಂದು ದೊಡ್ಡ ಕೆಲಸ ಮಾಡಬೇಕೆಂದು ತೀರ್ಮಾನಿಸಿದ. ವ್ಯಾಪಾರದ ಮಾರ್ಕುಗಳನ್ನು ಬೊಂಬಾಯಿಯ ಆಫೀಸಿನಲ್ಲಿ ರಿಜಿಸ್ಟರು ಮಾಡಿಸುವ ಕಾನೂನು ಆಗಷ್ಟೇ ಮೈಸೂರು ಸೀಮೆಗೂ ಬಂದಿತ್ತು. ಒಬ್ಬ ಏಜೆಂಟನನ್ನು ಹಿಡಿದು, ಪೊಟ್ಟಣದ ಕಾಗದವನ್ನೇ ಕಳಿಸಿಕೊಟ್ಟು, ಶ್ರೀ ವೃಷಭೇಂದ್ರ ದಂತಚೂರ್ಣ ಎಂಬುದನ್ನು ಅಕ್ಷರ ಅಕ್ಷರ ಭದ್ರ ಮಾಡಿಸಿದ. ಬಂದ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ, ವಿಭೂತಿ ಹಚ್ಚಿ, ನಡುಮನೆಯಲ್ಲಿ ತೂಗುಹಾಕಿದ. ಜನರ ಬಾಯಿಗೆ ಬಾರದ ಹೆಸರಿಗೆ ಬೀಗ ಹಾಕಿ, ಬಾಯಲ್ಲೇ ಇದ್ದ ಹೆಸರನ್ನು ಬೀದಿಗೆ ಬಿಟ್ಟಿದ್ದ. ಅದು ಅವನಿಗೆ ತಿಳಿದದ್ದು ಪಿಳ್ಳಮ್ಮನ ವಸಡು ಒಡೆದ ದಿನ.

ಅಂದೇ ಕಾಟನ್‌ಪೇಟೆಗೆ ಹೋದ, ಆ ಕಟ್ಟನ್ನು ಗೋಡೆಯಿಂದ ಇಳಿಸಿ ಕಂಕುಳಲ್ಲಿ ಇರುಕಿಕೊಂಡು. ದೊಡ್ಡಬೈರಪ್ಪ ಸಗಟು ವ್ಯಾಪಾರಿ. ಹೊಸಕೋಟೆ ಕಡೆಯ ಹಳ್ಳಿಯಿಂದ ಬಂದು ಪೇಟೆಯಲ್ಲಿ ಬೇರೂರಿದವನು. ವೃಷಭೇಂದ್ರಪ್ಪನವರಿಂದ ಪುಡಿ ಕೊಂಡು ಕೋಲಾರ, ಮಾಲೂರು, ಚಿಂತಾಮಣಿಯ ಸಂತೆಗಳಿಗೆ ಗಾಡಿಯಲ್ಲಿ ಸಾಗಿಸುತ್ತಿದ್ದವನೂ ಅವನೇ. ಲಕ್ವ ಹೊಡೆದ ಮೇಲೆ ಮನೆಗೆ ಬಂದು, ಹಾಸಿಗೆಯ ಪಕ್ಕ ಕೂತು ಕಣ್ಣೊರೆಸಿಕೊಂಡು ಹೋಗಿದ್ದ. ಆಮೇಲೆ ಸರಕು ಕೇಳುವುದು ನಿಲ್ಲಿಸಿದ್ದ. ಯಾಕೆ ನಿಲ್ಲಿಸಿದನೆಂದು ಮುರುಗೇಶ ಕೇಳಿರಲಿಲ್ಲ.

ಮುರುಗೇಶ ಕೂಗಾಡಿದ್ದನ್ನೆಲ್ಲ ದೊಡ್ಡಬೈರಪ್ಪ ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡ. ಆಮೇಲೆ ಕಟ್ಟನ್ನು ಈಸಿಕೊಂಡು ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ವಾಪಸು ಕೊಟ್ಟ.

"ನಿಮ್ಮಪ್ಪಾರ ಹೆಸರು ನಾನು ಮುಟ್ಟಿಲ್ಲ ಕಣಪ್ಪ. ಅವರು ದೇವರಂಥ ಮನುಷ್ಯ. ಆದ್ರೆ ಈ ಕಾಗದದಾಗೆ ಅವ್ರ ಪುಡಿ ಅಂತ ಎಲ್ಲೈತೆ, ಒಂಚೂರು ತೋರ್ಸು."

ಇರಲಿಲ್ಲ. ಎಲ್ಲಿಂದ ತೋರಿಸುತ್ತಾನೆ?

ಸಂತೆಸಂತೆ ಸುತ್ತಿ ಆ ಮಾತನ್ನು ಊರೂರಿಗೆ ಹರಡಿದವನು ತಾನು, ಅದರಲ್ಲಿ ತನಗೂ ಪಾಲಿದೆ ಎಂದು ದೊಡ್ಡಬೈರಪ್ಪ ಹೇಳಿದ್ದು ಮುರುಗೇಶನ ಬೆನ್ನಿಗೆ ಕೇಳಿಸಿತು. ಅವನು ಆಗಲೇ ಬೀದಿಗೆ ಇಳಿದಿದ್ದ. ತಿಂಗಳು ಕಳೆಯುವುದರೊಳಗೆ ಮಲ್ಲೇಶ್ವರದ ಅಂಗಡಿಯವರು, ಅವ್ರ ಪುಡಿ ಮನೆ ಬಾಗಿಲಿಗೇ ಬಂದು ಬೀಳುತ್ತಿದೆ, ನಿನ್ನದು ಯಾವ ಪುಡಿ ಎಂದು ಅವನನ್ನೇ ಕೇಳತೊಡಗಿದರು. ಇನ್ನು ಕೆಲವರು, ವಸಡು ಸುಡುತ್ತದೆ, ಅವ್ರ ಪುಡಿ ಸಹವಾಸವೇ ಬೇಡ ಎಂದರು. ಹೆಸರು ದೊಡ್ಡಬೈರಪ್ಪನಿಗೆ ಹೋದರೂ ವ್ಯಾಪಾರ ಕೆಟ್ಟೀತು, ಇಬ್ಬರಿಗೂ ಉಳಿದರೂ ಕೆಟ್ಟೀತು. ಅದೊಂದು ಮಾತು ಕೈಬಿಟ್ಟರೆ ಈ ಮನೆಯ ಒರಳನ್ನು ಅಂಗಳದಲ್ಲಿ ಬೋರಲು ಹಾಕುವುದೊಂದೇ ಬಾಕಿ.

ವಕೀಲ ನಂಜುಂಡಯ್ಯನವರ ಮನೆ ಬಸವನಗುಡಿಯಲ್ಲಿ. ಮೆಲುಮಾತಿನ ಮನುಷ್ಯ, ಹೆಚ್ಚು ನಗುವವರಲ್ಲ. ಅವರು ಎರಡು ಪೊಟ್ಟಣಗಳನ್ನೂ ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿ, ರಿಜಿಸ್ಟ್ರಿ ಒಂದೇ ಬಾಗಿಲಲ್ಲ ಎಂದು ಹೇಳಿದಾಗ ಮುರುಗೇಶನಿಗೆ ಉಸಿರು ಬಂತು. ಹೆಸರು ಕಾಗದದ ಮೇಲೆ ಇಲ್ಲದಿದ್ದರೂ ಜನರ ತಲೆಯಲ್ಲಿ ಇದ್ದರೆ ಕೋರ್ಟು ಅದನ್ನು ಕಾಯುತ್ತದೆ. ಆದರೆ ಎರಡು ಸಂಗತಿ ತೋರಿಸಿಕೊಡಬೇಕು. ಒಂದು, ಆ ಹೆಸರು ಕೇಳಿದ ಕೂಡಲೇ ಜನ ಬೇರೆ ಯಾರದ್ದನ್ನೂ ಅಲ್ಲ, ನಿಮ್ಮ ಸರಕನ್ನೇ ನೆನೆಯುತ್ತಾರೆ ಎಂಬುದು. ಇನ್ನೊಂದು, ಅವನ ಪೊಟ್ಟಣವನ್ನು ನಿಮ್ಮದೆಂದು ತಿಳಿದು ಮೋಸಹೋದರು ಎಂಬುದು. ಎರಡನೆಯದಕ್ಕೆ ಪಿಳ್ಳಮ್ಮನ ವಸಡು ಸಾಕು. ಮೊದಲನೆಯದಕ್ಕೆ?

"ನಿಮ್ಮ ತಾಯಿಯೇ ಸಾಕ್ಷಿ," ಎಂದರು ನಂಜುಂಡಯ್ಯ. "ಹೆಸರು ಹುಟ್ಟಿದ್ದು ಅವರ ಬಾಯಲ್ಲಿ. ಆದ್ರೆ ನೋಡಿ, ಅವರ ಅನ್ನೋದು ಊರೆಲ್ಲರ ಮಾತು. ಎಲ್ಲರ ಮಾತನ್ನ ಕಾನೂನು ಒಬ್ಬರಿಗೆ ಬರ್ಕೊಡೋದಿಲ್ಲ. ಆ ಅವರು ಅಂದ್ರೆ ಯಾರು ಅಂತ ಎದುರು ಕಡೆಯವರು ಕೇಳೇ ಕೇಳ್ತಾರೆ. ತಾಯಿ ಹೆಸರಿಟ್ಟು ಹೇಳ್ಬೇಕಾಗತ್ತೆ."

ಅಮ್ಮ ಅಪ್ಪನ ಹೆಸರು ಹೇಳುವುದೇ? ಮುರುಗೇಶನಿಗೆ ನಗು ಬಂತು.

ದಾವೆ ಹೂಡಿದ್ದಾಯಿತು. ವಾಯಿದೆಯ ಮೇಲೆ ವಾಯಿದೆ ಬಿತ್ತು. ಕೋಟು ಹಾಕಿದವರು ಬಂದರು, ಹೋದರು, ಒಬ್ಬರಿಗೊಬ್ಬರು ಕೈಮುಗಿದರು. ಕಾಯುವವನ ಹೊಟ್ಟೆಯ ಉರಿ ಅವರಲ್ಲಿ ಯಾರಿಗೂ ಸೋಕಲಿಲ್ಲ. ಇತ್ತ ಮನೆಯಲ್ಲಿ ಮುರುಗೇಶ ಸಂಜೆಯಾದರೆ ಅಮ್ಮನ ಮುಂದೆ ಕೂರುತ್ತಿದ್ದ. ಮೊದಲು ಒಳ್ಳೆಯ ಮಾತಿನಲ್ಲಿ ಹೇಳಿದ. ಒಂದು ಸಲ, ಒಂದೇ ಒಂದು ಸಲ, ಕೋರ್ಟಿನಲ್ಲಿ ಹೇಳಿಬಿಟ್ಟರೆ ಮುಗಿಯಿತು, ಆಮೇಲೆ ಜನ್ಮದಲ್ಲಿ ಹೇಳುವುದು ಬೇಡ ಎಂದ. ಶಿವಕುಮಾರಿ ಪೊಟ್ಟಣ ಕಟ್ಟುತ್ತಲೇ ತಲೆಯಾಡಿಸಿದಳು. ಗಂಡ ಆರೋಗ್ಯವಾಗಿ ಓಡಾಡುತ್ತಿದ್ದಾಗಲೇ ಆಡದ ಹೆಸರನ್ನು, ಅಲ್ಲಾಡಲಾಗದೆ ಮಲಗಿರುವಾಗ ಆಡಿ, ಇರುವ ಇಷ್ಟು ಉಸಿರನ್ನೂ ತಾನೇ ಊದಿ ಆರಿಸಬೇಕೇ ಎಂಬುದು ಅವಳ ಪ್ರಶ್ನೆ. ಮುರುಗೇಶನಿಗೆ ಇದೆಲ್ಲ ಗೊಡ್ಡು ಮಾತು ಎನಿಸಿತು. ಆದರೆ ನಡುಮನೆಯ ಬಾಗಿಲಾಚೆ ಅಪ್ಪನ ಉಸಿರಿನ ಗೊರಗೊರ ಕೇಳಿಸಿದಾಗ, ಗೊಡ್ಡು ಎಂದು ಬಾಯಿಬಿಟ್ಟು ಅನ್ನಲು ಅವನಿಗೂ ಧೈರ್ಯ ಬರಲಿಲ್ಲ.

ಒಂದು ದಿನ ಸಹನೆ ಹರಿಯಿತು.

"ನೀನು ಅವತ್ತೇ ಬಾಯಿಬಿಟ್ಟು ಹೆಸರು ಹೇಳಿದ್ದಿದ್ರೆ ಇವತ್ತು ಈ ಗತಿ ಬರ್ತಿರ್ಲಿಲ್ಲ ಕಣಮ್ಮ. ಕಾಗದದ ಮೇಲೆ ಇರೋದೇ ಜನರ ಬಾಯಲ್ಲೂ ಇರ್ತಿತ್ತು."

"ಕಾಗದದ ಮೇಲಿರೋದನ್ನ ಹೇಳೋಕೆ ಹಲ್ಲು ಗಟ್ಟಿ ಇರ್ಬೇಕು ಮುರುಗ," ಎಂದಳು ಶಿವಕುಮಾರಿ, ಹಳದಿ ದಾರ ಕಚ್ಚಿ ಹರಿಯುತ್ತ. "ಹಲ್ಲು ಗಟ್ಟಿ ಇರೋರು ಪುಡಿ ಯಾಕೆ ಕೊಂಡ್ಕೊತಾರೆ?"

ಸೊಸೆ ತ್ರಿಪುರಸುಂದರಿ ಅಡುಗೆಮನೆಯಲ್ಲಿ ಕಿಸಕ್ಕೆಂದಳು. ಮುರುಗೇಶ ಎದ್ದು ಬೀದಿಗೆ ಹೋದ. ಬೀದಿಯಲ್ಲಿ ಯಾರದೋ ಮನೆಯ ಹೆಂಗಸು, ಅವರು ಇನ್ನೂ ಬಂದಿಲ್ಲ ಎಂದು ಯಾರಿಗೋ ಹೇಳುತ್ತಿದ್ದಳು. ಅವನು ಗಕ್ಕನೆ ನಿಂತ. ಇಷ್ಟು ವರ್ಷ ಕಿವಿಗೆ ಬೀಳದಿದ್ದ ಆ ಮಾತು ಈಗ ಪ್ರತಿ ಬಾಗಿಲಿನಿಂದಲೂ ಬರುತ್ತಿತ್ತು. ಅವರು ಊಟಕ್ಕೆ ಕೂತಿದ್ದಾರೆ. ಅವರು ಬೈತಾರೆ. ಅವರದ್ದು ಪಂಚೆ ಒಣಗಿದೆ. ಇಷ್ಟೊಂದು ಬಾಯಲ್ಲಿ ಹರಿದಾಡುವ ಮಾತನ್ನು ನನ್ನದು ಎಂದು ಯಾವ ಜಡ್ಜಿಯ ಮುಂದೆ ಹೇಗೆ ನಿಂತು ಹೇಳುವುದು?

ವಿಚಾರಣೆಯ ದಿನ ಶಿವಕುಮಾರಿ ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಧರಿಸಿ ಬಂದಳು. ಹೇಳುತ್ತಾಳೋ ಇಲ್ಲವೋ ಎಂದು ಮುರುಗೇಶ ಕೇಳಲಿಲ್ಲ. ಕೇಳಿದರೆ ಇಲ್ಲ ಅಂದುಬಿಟ್ಟಾಳು ಎಂಬ ಹೆದರಿಕೆ.

ಮೊದಲು ಪಿಳ್ಳಮ್ಮ ಕಟಕಟೆ ಹತ್ತಿದಳು. ತನ್ನ ವಸಡನ್ನು ಜಡ್ಜಿಗೆ ತೋರಿಸಲು ಹೊರಟು, ಬೇಡವೆಂದು ಹೇಳಿಸಿಕೊಂಡು, ಉಳಿದದ್ದನ್ನು ನೆಟ್ಟಗೆ ಹೇಳಿ ಇಳಿದಳು. ಆಮೇಲೆ ಶಿವಕುಮಾರಿ. ನಂಜುಂಡಯ್ಯ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. ಎದುರು ಪಕ್ಷದ ವಕೀಲ ಎದ್ದ. ಕುಮಾರ ಪಾರ್ಕಿನ ಕಡೆಯ ಎಳೆಯ ವಯಸ್ಸಿನವನು, ಕರಿಕೋಟಿಗೆ ಇನ್ನೂ ಹೊಸತರ ವಾಸನೆ.

"ಅವರ ಪುಡಿ ಅಂತೀರಲ್ಲ ತಾಯಿ, ಆ ಅವರು ಯಾರು?"

ಶಿವಕುಮಾರಿ ನೆಲ ನೋಡಿದಳು. ಜಡ್ಜಿ ಲೇಖನಿ ಎತ್ತಿ ಹಿಡಿದು ಕಾದರು. ಮುರುಗೇಶ ಬೆಂಚಿನ ತುದಿಗೆ ಬಂದು ಕೂತ. ಹೇಳಮ್ಮ, ಹೇಳಮ್ಮ ಎಂದು ತುಟಿ ಅಲ್ಲಾಡಿತು.

ವಕೀಲ ಮತ್ತೊಮ್ಮೆ ಕೇಳಿದ. ಪ್ರಮಾಣ ಮಾಡಿ ನಿಂತಿದ್ದೀರಿ, ಉತ್ತರ ಕೊಡಬೇಕು ಎಂದ. ಶಿವಕುಮಾರಿ ಸೆರಗಿನೊಳಗಿನ ಕರಡಿಗೆಯನ್ನು, ಅದರೊಳಗಿನ ಲಿಂಗವನ್ನು, ಬಟ್ಟೆಯ ಮೇಲಿಂದಲೇ ಬಿಗಿಯಾಗಿ ಹಿಡಿದುಕೊಂಡಳು.

"ಬಸವನಗುಡೀಲಿ ಗುಡ್ಡದ ಮೇಲೆ ಕೂತಿದಾರಲ್ಲ ಸ್ವಾಮಿ," ಎಂದಳು ಕೊನೆಗೆ. "ಕಡಲೆಕಾಯಿ ತಗೊಂಡೋಗಿ ಇಡ್ತೀವಲ್ಲ ಮುಂದೆ. ಆ ಹೆಸರೇ."

ಹಾಲ್ ತುಂಬ ನಗೆ ಹರಿಯಿತು. ಜಡ್ಜಿ ನಗಲಿಲ್ಲ. ಗಂಡನ ಹೆಸರನ್ನು ಅವರ ಬಾಯಲ್ಲೇ ಹೇಳಿಸಬೇಕೆಂದಿಲ್ಲ, ದೊಡ್ಡ ಬಸವಣ್ಣ ಯಾರು, ವೃಷಭ ಎಂದರೇನು ಎಂಬುದು ತಮಗೂ ಗೊತ್ತಿದೆ ಎಂದು ಬರೆದುಕೊಂಡರು. ಮುರುಗೇಶ ಬೆವರು ಒರೆಸಿಕೊಂಡ. ಗೆದ್ದೆವು ಅಂದುಕೊಂಡ. ಆ ಎಳೆಯ ವಕೀಲ ಕೂರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ಹೆಸರೇ ಅಲ್ಲ. ಪಕ್ಕದ ಮನೆಯ ಪಿಳ್ಳಮ್ಮ ತನ್ನ ಗಂಡನನ್ನು ಏನಂತ ಕರೆಯುತ್ತಾಳೆ ಎಂದು ಕೇಳಿದ. ಅವರು ಎಂದೇ. ನಿಮ್ಮ ಸೊಸೆ ನಿಮ್ಮ ಮಗನನ್ನು? ಹಾಗೇ. ನಿಮ್ಮ ತಾಯಿ ನಿಮ್ಮ ತಂದೆಯನ್ನು? ಅದೇ ಸ್ವಾಮಿ, ಇನ್ನೇನಂತಾರೆ.

"ಅಂದ್ರೆ ಮನೆಗೊಬ್ಬ ಅವರು ಇದಾರೆ."

"ಇದಾರೆ ಸ್ವಾಮಿ, ದೇವರು ನೂರು ವರ್ಷ ಇಟ್ಟಿರ್ಲಿ," ಎಂದಳು ಶಿವಕುಮಾರಿ, ಮನಸಾರೆ.

ವಕೀಲ ಜಡ್ಜಿಯ ಕಡೆ ತಿರುಗಿ ಕೈ ಚೆಲ್ಲಿ ಕೂತ. ಬೇರೆ ವಾದವೇ ಬೇಡ ಎನ್ನುವ ಹಾಗೆ. ಜಡ್ಜಿಯ ಲೇಖನಿ ಸರಸರ ಓಡಿತು. ಮುರುಗೇಶ ನಂಜುಂಡಯ್ಯನವರ ಮುಖ ನೋಡಿದ. ಅವರು ಕನ್ನಡಕ ಒರೆಸುತ್ತಿದ್ದರು. ಮಾತು ಸಿಗದಾಗ ಅವರು ಕನ್ನಡಕ ಒರೆಸುತ್ತಾರೆಂಬುದು ಇಷ್ಟು ತಿಂಗಳಲ್ಲಿ ಅವನಿಗೆ ತಿಳಿದಿತ್ತು.

ಮಧ್ಯಾಹ್ನದ ಮೇಲೆ ದೊಡ್ಡಬೈರಪ್ಪ ಕಟಕಟೆಗೆ ಬಂದ. ಹೊಸ ಮುಂಡಾಸು, ಜರಿಯಂಚಿನ ಶಲ್ಯ. ಸುಳ್ಳು ಹೇಳಬೇಕಾದ ಪ್ರಮೇಯವೇ ಇಲ್ಲ ಎಂಬ ಧೈರ್ಯ ಅವನ ನಿಲುವಿನಲ್ಲಿತ್ತು. ವೃಷಭೇಂದ್ರಪ್ಪನವರ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅವರ ಕೈಯಲ್ಲೇ ಪುಡಿಯ ವ್ಯಾಪಾರ ಕಲಿತೆ ಎಂದ. ಅವರ ಹೆಸರು ಮುಟ್ಟಿಲ್ಲ, ಎಲ್ಲರೂ ಆಡುವ ಮಾತನ್ನು ಮಾತ್ರ ತಾನೂ ಆಡಿದೆ ಎಂದ. ನಂಜುಂಡಯ್ಯ ಎಷ್ಟು ಕೆದಕಿದರೂ ಅವನು ಜಾರಲಿಲ್ಲ. ಕೊನೆಗೆ ಅವರೂ ಸೋತು, ಎರಡು ಪೊಟ್ಟಣಗಳನ್ನೂ ಜಡ್ಜಿಗೆ ತೋರಿಸಿ, ಕಾಗದ ಒಂದೇ, ದಾರ ಒಂದೇ, ಮಡಿಕೆ ಒಂದೇ ಎಂದು ಹೇಳಿ ಕೂತರು.

ಜಡ್ಜಿ ಪೊಟ್ಟಣಗಳನ್ನು ಕೈಗೆತ್ತಿಕೊಂಡರು. ಬಿಚ್ಚಿದರು, ಮೂಸಿದರು, ಮತ್ತೆ ಮಡಿಸಲು ಹೋದರು. ಮಡಿಸುವಾಗ ಅಚ್ಚಿನ ಅಕ್ಷರ ಒಳಗೆ ಸೇರಿಕೊಂಡಿತು. ಅಂಟಿಸಿದ್ದ ಗುರುತಿನ ಚೀಟಿ ಯಾವಾಗಲೋ ಉದುರಿ ಮೇಜಿನ ಕೆಳಗೆ ಬಿದ್ದಿತ್ತು. ಜವಾನ ಬಗ್ಗಿ ಹುಡುಕಿದ. ಜಡ್ಜಿ ಎರಡನ್ನೂ ಅಂಗೈಯಲ್ಲಿಟ್ಟು ಮುಖ ಸಿಂಡರಿಸಿ, ಎದುರಿಗಿದ್ದವನನ್ನೇ ಕೇಳಿದರು, ಇದರಲ್ಲಿ ಯಾವುದು ಯಾವುದಪ್ಪ ಎಂದು.

ದೊಡ್ಡಬೈರಪ್ಪ ಕೈಜೋಡಿಸಿ ಮುಂದೆ ಬಾಗಿದ. ದೊಡ್ಡವರಿಗೆ ಒಂದು ಉಪಕಾರ ಮಾಡುವ ಅವಕಾಶ ಸಿಕ್ಕಿತಲ್ಲ ಎಂಬ ಸಂತೋಷ ಅವನ ಮುಖದಲ್ಲಿ.

"ಎಡಗಡೇದು ನಮ್ ಪುಡಿ ಬುದ್ದಿ. ಬಲಗಡೇದು ಅವ್ರ ಪುಡಿ."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಜಡ್ಜಿ ಸಂತೃಪ್ತಿಯಿಂದ ಪೊಟ್ಟಣಗಳನ್ನು ಬೇರೆ ಬೇರೆ ಇಟ್ಟು, ಅಭ್ಯಾಸದಂತೆ ಟೈಪಿಸ್ಟಿಗೆ ಇಂಗ್ಲಿಷಿನಲ್ಲಿ ಹೇಳಿ ಬರೆಸತೊಡಗಿದರು. ಮುರುಗೇಶನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಟೈಪು ಮಿಷನ್ನಿನ ಟಕಟಕದ ನಡುವೆ ಅವನ ಕಿವಿಗೆ ಬಿದ್ದದ್ದು ಇಷ್ಟು: ಎಡಗಡೆಯದು ಅವರ್ ಪೌಡರ್. ಬಲಗಡೆಯದು ದೇರ್ ಪೌಡರ್.

ಅವರ್ ಪೌಡರ್. ಎಡಗಡೆಯದು, ದೊಡ್ಡಬೈರಪ್ಪನದು, ಅವರ್ ಪೌಡರ್ ಎಂದು ಅಚ್ಚಾಗುತ್ತಿದೆ. ಕಣ್ಣೆದುರಿಗೇ, ಅಷ್ಟೂ ಜನರ ಮುಂದೆ, ಹೆಸರನ್ನು ಎತ್ತಿ ಅವನ ಮಡಿಲಿಗೆ ಹಾಕುತ್ತಿದ್ದಾರೆ. ಇಷ್ಟು ತಿಂಗಳು ಕಟ್ಟಿಕೊಂಡಿದ್ದದ್ದೆಲ್ಲ ಒಟ್ಟಿಗೆ ಉಕ್ಕಿತು. ಮುರುಗೇಶ ಬೆಂಚು ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತ.

"ಮೋಸ ಸ್ವಾಮಿ ಇದು. ಅವರ್ ಅಂದಿದ್ದು ನಮ್ಮದಕ್ಕೆ. ಬಲಗಡೇದಕ್ಕೆ ಅವ್ರ ಪುಡಿ ಅಂದ್ರು ಅವರೇ, ಈಗ ನೀವು ಎಡಗಡೇದಕ್ಕೆ ಹಾಕಿಸ್ತಿದೀರಿ."

ಜವಾನ ಓಡಿಬಂದು ಅವನ ತೋಳು ಹಿಡಿದ. ನಂಜುಂಡಯ್ಯ ಬಿಳಿಚಿಕೊಂಡರು. ಕೋರ್ಟಿನಲ್ಲಿ ಹೀಗೆ ಕೂಗಿದವರನ್ನು ನೇರವಾಗಿ ಒಳಗೆ ಕಳಿಸುವುದೂ ಉಂಟು. ಟೈಪು ನಿಂತಿತು. ಎಳೆಯ ವಕೀಲ ಎದ್ದು ನಿಂತು, ವಾದಿಗೆ ಇಂಗ್ಲಿಷು ಬಾರದು, ಅವರ್ ಎಂದರೆ ಇಂಗ್ಲಿಷಿನಲ್ಲಿ ನಮ್ಮ ಎಂದು ಅರ್ಥ ಎಂದು ನಗುತ್ತ ವಿವರಿಸತೊಡಗಿದ. ವಿವರಿಸುತ್ತ ವಿವರಿಸುತ್ತ ಅವನ ನಗು ನಡುವಿನಲ್ಲೇ ಸತ್ತುಹೋಯಿತು. ತನ್ನ ಬಾಯಿಂದ ಹೊರಬೀಳುತ್ತಿರುವುದು ಏನೆಂದು ಅವನಿಗೆ ಹೊಳೆದಿರಬೇಕು.

ಜಡ್ಜಿ ಲೇಖನಿ ಕೆಳಗಿಟ್ಟರು. ದೊಡ್ಡಬೈರಪ್ಪನ ಕಡೆ ತಿರುಗಿದರು. ಬಲಗಡೆಯದಕ್ಕೆ ಏನಂದಿರಿ, ಇನ್ನೊಂದು ಸಲ ಹೇಳಿ ಎಂದರು.

ದೊಡ್ಡಬೈರಪ್ಪ ಬಾಯಿ ತೆರೆದ. ಮುಚ್ಚಿದ. ವೃಷಭೇಂದ್ರಪ್ಪನವರ ಮನೆಯವರ ಕಡೆ ನೋಡಿದ. ಅವರನ್ನು ಬೇರೆ ಏನೆಂದು ಕರೆಯುವುದು? ಅವನದ್ದು ಎಂದರೆ ಮುಗಿದೇ ಹೋಗುತ್ತಿತ್ತು. ನಾಲಿಗೆ ಹೊರಳಲಿಲ್ಲ.

"ಅವ್ರ... ಅವ್ರದು ಬುದ್ದಿ."

ಎಳೆಯ ವಕೀಲ ಸುಧಾರಿಸಿಕೊಂಡ. ಸಾಕ್ಷಿ ಹೇಳಿದ್ದು ಪುಡಿಯ ಹೆಸರಲ್ಲ, ಆ ಕಡೆಯವರದು ಎಂಬ ಅರ್ಥದ ಸಾಮಾನ್ಯ ಮಾತು ಎಂದ.

"ಅದೇ ತಾನೇ ಇಲ್ಲಿರೋ ಪ್ರಶ್ನೆ," ಎಂದರು ಜಡ್ಜಿ. "ಎಲ್ಲರದ್ದೂ ಆಗಿದ್ರೆ ಎರಡೂ ಅವರ ಪುಡಿಯೇ ಆಗ್ಬೇಕಿತ್ತು. ಇವರೇ ಒಂದನ್ನ ಆರಿಸಿ ಕೊಟ್ರು." ಟೈಪಿಸ್ಟನ ಕಡೆ ತಿರುಗಿ, ಇಂಗ್ಲಿಷು ಹೊಡೆದು ಹಾಕಿ, ಅವರಾಡಿದ ಕನ್ನಡವನ್ನೇ ಕೈಯಲ್ಲಿ ಬರೆಯಿರಿ ಎಂದರು. ಮುರುಗೇಶನಿಗೆ, ಇನ್ನೊಮ್ಮೆ ಕೂಗಿದರೆ ಹೊರಗೆ ಹಾಕಿಸುತ್ತೇನೆ ಎಂದೂ ಹೇಳಿದರು.

ತೀರ್ಪು ಬರುವವರೆಗಿನ ದಿನಗಳಲ್ಲಿ ಅವನು ಅರ್ಧ ಇಳಿದುಹೋದ. ಗೆದ್ದಂತೆ ಕಂಡದ್ದೆಲ್ಲ ಕುಟ್ಟಲು ಕೂತಾಗ ಸೋಲಾಗಿ ಕಾಣುತ್ತಿತ್ತು. ಹೇಳಿಸಿದ ಕನ್ನಡವನ್ನು ಟೈಪಿಸ್ಟು ಸರಿಯಾಗಿ ಬರೆದನೋ ಇಲ್ಲವೋ? ಬರೆದದ್ದನ್ನು ಯಾರಾದರೂ ತಿದ್ದಿದರೆ? ಕೊನೆಗೆ ತೀರ್ಪು ಬಂತು. ಅವರ ಎಂಬುದು ಎಲ್ಲರ ಮಾತೇ ಇರಬಹುದು, ಆದರೆ ಈ ಊರಿನಲ್ಲಿ ಅದರ ಮುಂದೆ ಪುಡಿ ಸೇರಿದರೆ ಅದು ಚಾಮರಾಜಪೇಟೆಯ ಆ ಒಂದು ಮನೆಯದು. ಪ್ರತಿವಾದಿ ಆ ಹೆಸರಿನಲ್ಲಾಗಲಿ, ಆ ಕೆಂಪು ಕಾಗದ ಹಳದಿ ದಾರದಲ್ಲಾಗಲಿ ಮಾರಕೂಡದು.

ಕೋರ್ಟಿನ ಮೆಟ್ಟಿಲ ಹತ್ತಿರ ದೊಡ್ಡಬೈರಪ್ಪ ಮುಂಡಾಸು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಮುರುಗೇಶ ಹಲ್ಲು ಕಚ್ಚಿ ದಾಟಿಹೋಗುವುದರಲ್ಲಿದ್ದ.

"ಮರ್ಯಾದೆ ಕೊಟ್ಟಿದ್ಕೆ ಸೋತೆ ಕಣಪ್ಪ," ಎಂದ ದೊಡ್ಡಬೈರಪ್ಪ. "ನಿಮ್ಮಪ್ಪಾರನ್ನ ಏಕವಚನದಾಗೆ ಅಂದಿದ್ರೆ ಗೆಲ್ತಿದ್ದೆ. ಇರ್ಲಿ, ಅವರ ಹತ್ರ ಹೇಳು, ಬೈರ ಕೇಳ್ದ ಅಂತ."

ಹೇಳ್ತೀನಿ ಎಂದು ಮುರುಗೇಶ ಮೆಟ್ಟಿಲು ಇಳಿದ.

ನಂಜುಂಡಯ್ಯ ಅವತ್ತೇ ಸಂಜೆ ಮನೆಗೆ ಬಂದು ವೃಷಭೇಂದ್ರಪ್ಪನವರ ಹಾಸಿಗೆಯ ಪಕ್ಕ ಕೂತು ತೀರ್ಪನ್ನು ತಿಳಿಸಿದರು. ವೃಷಭೇಂದ್ರಪ್ಪನವರ ಕಣ್ಣು ಒದ್ದೆಯಾದದ್ದು ಸಂತೋಷಕ್ಕೋ ಏನೋ, ಯಾರಿಗೂ ಹೇಳಲಾಗಲಿಲ್ಲ. ಹೊರಗೆ ಬಂದು ವಕೀಲರು ಮುರುಗೇಶನಿಗೆ ಮುಂದಿನ ಕೆಲಸ ಹೇಳಿದರು. ಪೊಟ್ಟಣದ ಮೇಲೆ ಇನ್ನು ಅವರ ಪುಡಿ ಎಂದೇ ದಪ್ಪಗೆ ಅಚ್ಚು ಹಾಕಿಸಬೇಕು, ಬೊಂಬಾಯಿಗೆ ಅದನ್ನೇ ಹೊಸದಾಗಿ ಕಳಿಸಬೇಕು. ಎಲ್ಲಕ್ಕಿಂತ ಮುಖ್ಯ, ಬೇರೆ ಯಾರಾದರೂ ಆ ಹೆಸರಿನಲ್ಲಿ ಸರಕು ಇಳಿಸಿದರೆ ಅಂದೇ ಎದುರು ನಿಲ್ಲಬೇಕು, ನೋಡಿಯೂ ಸುಮ್ಮನಿದ್ದರೆ ಕೊಟ್ಟುಬಿಟ್ಟ ಹಾಗೆ. ಎಂದೂ ನಗದ ಮನುಷ್ಯ, ಗೆದ್ದ ದಿನವಲ್ಲವೇ, ಹೊರಡುವಾಗ ಶಿವಕುಮಾರಿಗೆ ಒಂದು ತಮಾಷೆಯ ಮಾತನ್ನೂ ಹೇಳಿದರು.

"ಇನ್ಮೇಲೆ ಆ ಮಾತನ್ನ ಜೋಪಾನವಾಗಿ ಬಳಸಿ ತಾಯಿ. ಅದು ಅಂಗಡಿ ಆಸ್ತಿ ಆಯ್ತು."

ಶಿವಕುಮಾರಿ ನಗಲಿಲ್ಲ.

ಹೊಸ ಕಾಗದ ಸುಲ್ತಾನ್‌ಪೇಟೆಯಿಂದ ಕಟ್ಟುಕಟ್ಟಾಗಿ ಬಂತು. ಮಲ್ಲೇಶ್ವರದವರು ವಾಪಸು ಬಂದರು. ಪೊಟ್ಟಣದ ರಾಶಿ ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಅಪ್ಪನ ಹಾಸಿಗೆಯ ಕಾಲ ದೆಸೆಯವರೆಗೆ ಬೆಳೆಯಿತು. ಒಂದು ಮಧ್ಯಾಹ್ನ ಮುರುಗೇಶ ಅಲ್ಲೇ ಕೂತು ಪೊಟ್ಟಣ ಎಣಿಸುತ್ತಿದ್ದಾಗ ಅಡುಗೆಮನೆಯಿಂದ ಅಮ್ಮನ ಧ್ವನಿ ಕೇಳಿಸಿತು.

"ಸುಂದರಿ, ಗಂಜಿ ಆರ್ತಿದೆ. ಅ..."

ಧ್ವನಿ ಅಲ್ಲೇ ನಿಂತಿತು. ಸೊಸೆ ಏನತ್ತೆ ಎಂದಳು. ಸ್ವಲ್ಪ ಹೊತ್ತಿಗೆ ಶಿವಕುಮಾರಿಯೇ ಬಟ್ಟಲು ಹಿಡಿದು ಬಂದಳು. ಈಚೆಗೆ ದಿನವೂ ಹಾಗೇ ಆಗುತ್ತಿರುವುದು ಮುರುಗೇಶನಿಗೆ ಆಗ ತಾನೇ ತಲೆಗೆ ಹೋಯಿತು. ಯಾಕಮ್ಮ ಎಂದು ಕೇಳಿದ.

"ನನಗಿದ್ದಿದ್ದು ಅದೊಂದೇ ಮಾತು ಮುರುಗ. ಈಗ ಬಾಯಿಗೆ ಬಂದ್ರೆ ಈ ಪೊಟ್ಟಣ ಕಣ್ಣಿಗೆ ಬರತ್ತೆ. ಮನುಷ್ಯರು ಬರಲ್ಲ."

"ಅದಕ್ಕೇನಮ್ಮ, ಯಜಮಾನರು ಅನ್ನು. ಇಲ್ಲ, ಬೇರೆ ಇನ್ನೇನಾದ್ರೂ ಅನ್ನು."

"ಬೇರೆ ಹೆಸರಿಟ್ಕೊಂಡು ನೀನು ಅಂಗಡಿ ನಡೆಸ್ತೀಯಾ?"

ಮುರುಗೇಶನಿಗೆ ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಅಲ್ಲಿ ದೊಡ್ಡಬೈರಪ್ಪ ಇರಲಿಲ್ಲ, ವಕೀಲ ಇರಲಿಲ್ಲ, ಜಡ್ಜಿ ಇರಲಿಲ್ಲ. ಶಿವಕುಮಾರಿ ಪೊಟ್ಟಣದ ರಾಶಿಯನ್ನು ಕಾಲಿನಿಂದ ಮೆಲ್ಲಗೆ ಸರಿಸಿ, ಹಾಸಿಗೆಯ ಅಂಚಿನಲ್ಲಿ ಕೂತು, ಚಮಚವನ್ನು ಗಂಡನ ತುಟಿಯ ಹತ್ತಿರ ಹಿಡಿದಳು.

ಅಷ್ಟರಲ್ಲಿ ಜಗಲಿಯ ಕಡೆಯಿಂದ ಯಾರೋ ಹೆಂಗಸು ಕೂಗಿದಳು, ಯಾರಿದೀರಾ, ಅವ್ರ ಪುಡಿ ಒಂದು ಪೊಟ್ಟಣ ಕೊಡಿ ಎಂದು.

ವೃಷಭೇಂದ್ರಪ್ಪನವರು ತಮ್ಮನ್ನೇ ಕರೆದರೇನೋ ಎಂಬಂತೆ ಆ ಕಡೆ ಕತ್ತು ಹೊರಳಿಸಿದರು. ಮುರುಗೇಶ ಪೊಟ್ಟಣ ಎತ್ತಿಕೊಂಡು ಎದ್ದು ಹೋದ. ಅವರು ಮತ್ತೆ ಈ ಕಡೆ ತಿರುಗುವವರೆಗೆ ಶಿವಕುಮಾರಿ ಚಮಚ ಹಿಡಿದು ಕಾದಳು.